ಅತ್ತೆಯರನ್ನು ಮಾತಿಗೆ ಹಿಡಿಯುವ ಕೆಲಸ

ನನ್ನ ಮೊಮ್ಮಗಳು ಎಂ.ಪಿ.ಎಚ್. ಪಾಸಾದಳು. ರಾಯಚೂರಿನ ನಮ್ಮ ಓಣಿಯಲ್ಲಿ ಈ ಮಾತು ಹೇಳದೆ ನಾನು ಬಿಟ್ಟ ಮನೆ ಇಲ್ಲ. ಹಾಲು ಹಾಕುವವನಿಗೆ ಹೇಳಿದೆ, ಸಿಲಿಂಡರ್ ತಂದವನಿಗೆ ಹೇಳಿದೆ. ಯಾರಿಗೋ ಮಾಡಲು ಹೋಗಿ ತಪ್ಪಿ ನನ್ನ ಫೋನಿಗೆ ಮಾಡಿದ ಯಾವುದೋ ಊರಿನವನಿಗೂ ಹೇಳಿದೆ. ಅವನು ಪಾಪ, "ಭಾಳ ಸಂತೋಷ ಆತ್ರಿ ಯವ್ವಾ" ಎಂದು ಫೋನ್ ಇಟ್ಟ.

"ಅಂದ್ರ ಯಾವ ಡಾಕ್ಟರ್ರಿ?" ಎಂದು ಜನ ಕೇಳುತ್ತಾರೆ. "ಒಬ್ಬರ ಜಡ್ಡು ನೋಡೋ ಓದಲ್ಲ. ಊರಿಗೂರೇ ಯಾಕ ಜಡ್ಡು ಬೀಳತದ ಅಂತ ನೋಡೋ ಓದು" ಎಂದು ಅವಳೇ ಕಲಿಸಿಕೊಟ್ಟ ಮಾತನ್ನು ಒಪ್ಪಿಸುತ್ತೇನೆ. ಕೆಲವರಿಗೆ ತಿಳಿಯುತ್ತದೆ. ಕೆಲವರು ಸೀರೆ ಮೇಲೆತ್ತಿ ಬಾತ ಮೊಣಕಾಲು ತೋರಿಸುತ್ತಾರೆ.

ಇಷ್ಟು ಸಂತೋಷದ ನಡುವೆ ನನ್ನ ಮಗ, ಅಂದರೆ ಅವಳ ಅಪ್ಪ, ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಕೂಡಿಬಂದಿದ್ದ ಮದುವೆಯನ್ನು ನನ್ನ ಬಾಯಿಯೇ ಕೆಡಿಸಿತು ಎಂಬುದು ಅವನ ಸಿಟ್ಟು. ಕೆಡಿಸಿದ್ದು ನಿಜ. ಯಾಕೆ ಕೆಡಿಸಿದೆ ಎಂಬುದನ್ನು ಇದುವರೆಗೆ ಯಾರ ಮುಂದೆಯೂ ಆಡಿಲ್ಲ.

ಹುಡುಗಿ ದೇವದುರ್ಗದ ದವಾಖಾನೆಯಲ್ಲಿ ನರ್ಸ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕೆಲಸ ಬಿಡದೆ ಓದಬೇಕೆಂದು ಆನ್‌ಲೈನ್ ಸೇರಿದಳು. ಸಂಜೆ ಬಂದವಳೇ ಮುಖ ತೊಳೆದು ಲ್ಯಾಪ್‌ಟಾಪ್ ಮುಂದೆ ಕೂಡುತ್ತಿದ್ದಳು. ಪರದೆಯ ತುಂಬ ಚೌಕ ಚೌಕ ಮುಖಗಳು. ನಾನು ಹಿಂದಿನಿಂದ ಹಾಯುವಾಗ ಅವರಿಗೆಲ್ಲ ಕೈ ಮುಗಿದೇ ಹೋಗುತ್ತಿದ್ದೆ. "ಯಜ್ಜೀ, ಅವರು ಪಾಠ ಕೇಳಾಕತ್ಯಾರ, ದೇವರಲ್ಲ" ಎಂದು ಬೈಯುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನನಗೆ ಮಾಸ್ತರರೂ ದೇವರೂ ಒಂದೇ ಸಾಲಿನಲ್ಲಿ ಬರುತ್ತಾರೆ.

ಎರಡನೇ ವರ್ಷ ಹಳ್ಳಿಗಳಿಗೆ ಹೋಗಿ ಮಾಡುವ ಕೆಲಸ ಬಂತು. ಬಸುರಿ ಹೆಂಗಸರಲ್ಲಿ ರಕ್ತ ಯಾಕೆ ಕಡಿಮೆ ಎಂದು ಅವಳು ನೋಡಬೇಕು. ಮನೆಗೆ ಹೋಗಿ ಬಸುರಿಯನ್ನೇ ಕೇಳಬೇಕು: ನಿನ್ನೆ ಏನು ಉಂಡಿ, ಯಾವಾಗ ಉಂಡಿ, ಯಾರು ನೀಡಿದರು, ಮನೆಯಲ್ಲಿ ಯಾರಾದ ಮೇಲೆ ಉಂಡಿ. ಕೇಳಲು ಸುಲಭ. ಆದರೆ ನಮ್ಮ ಕಡೆ ಸೊಸೆಯನ್ನು ಕೇಳಿದರೆ ಅತ್ತೆ ಹೇಳುತ್ತಾಳೆ. ಬಾಗಲವಾಡದಲ್ಲಿ ಮೊದಲ ದಿನವೇ ಹಾಗಾಯಿತು. "ಅಕಿಗೇನ ತಿಳಿತದ್ರಿ, ನನ್ನ ಕೇಳ್ರಿ. ಹಾಲೇನ, ತುಪ್ಪೇನ, ಸಾಕಾಗಿ ಬ್ಯಾಡಂತಾಳ!" ಎಂದು ಅತ್ತೆ ಹೇಳಿದಳಂತೆ. ಸೊಸೆ ನೆಲ ನೋಡಿ ಕೂತಳಂತೆ.

ಅವಳು ಬರೆದು ತಂದದ್ದನ್ನೆಲ್ಲ ನೋಡಿದ ಪಾಠದ ಮೇಡಂ ಪರದೆಯಿಂದಲೇ ಹೇಳಿದರು. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. ನೀನು ತಂದದ್ದು ಅತ್ತೆಯರ ಉತ್ತರ, ಸೊಸೆಯರದಲ್ಲ, ಮತ್ತೆ ಮಾಡು ಎಂದರು. ಮೊಮ್ಮಗಳು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿ, "ಯಜ್ಜೀ, ನೀ ನನ್ನ ಸಂಗಾಟ ಬಾ" ಎಂದಳು.

"ಬಂದು ನಾ ಏನ ಮಾಡ್ಲಿ?"

"ಮಾತಾಡು. ನಾ ಒಳಗ ಸೊಸಿ ಕೂಡ ಇರೋತನಕ ಅತ್ತಿನ್ನ ಕಟ್ಟಿ ಬಿಟ್ಟು ಏಳಗೊಡಬ್ಯಾಡ."

"ಪಗಾರ ಎಷ್ಟವಾ?"

"ಬಸ್ಸಿನ್ಯಾಗ ಕಿಟಕಿ ಸೀಟು."

ಬಸ್ಸು ಹೆಂಗಸರಿಗೆ ಹೇಗೂ ಪುಕ್ಕಟೆ. ರಜೆಯ ದಿನಗಳಲ್ಲಿ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಹೇಳಿಕೊಂಡರೆ ಜಂಭ ಎನ್ನಿಸೀತು, ಆದರೆ ಆ ಕೆಲಸ ನನಗೆ ಬಹಳ ಚೆನ್ನಾಗಿ ಒಗ್ಗಿತು. ಅರಕೇರಾದಲ್ಲಿ ಒಬ್ಬಳಿಗೆ ಪುಂಡಿಪಲ್ಯಕ್ಕೆ ಏನು ಹಾಕುತ್ತೀರಿ ಎಂದು ಕೇಳಿದೆ, ಅಷ್ಟೇ. ಅವಳ ತವರು, ಅವಳ ಅತ್ತೆ, ಅತ್ತೆಯ ಕಾಟ ಎಲ್ಲ ಹೊರಗೆ ಬಂತು. "ನಮ್ಮತ್ತಿ ಒಲಿ ಮುಂದ ಕುಂತು ರೊಟ್ಟಿ ಎಣಸ್ತಿದ್ಲು ಯಕ್ಕಾ" ಎಂದು ಅತ್ತಳು. ಅಷ್ಟರಲ್ಲಿ ಒಳಗೆ ಅವಳ ಸೊಸೆ ನನ್ನ ಮೊಮ್ಮಗಳಿಗೆ ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂಬುದೇ ಕಟ್ಟಳೆ. ಒಳಗೆ ಕೂತ ಕೂಡಲೇ ಮೊಮ್ಮಗಳು ಪ್ರತಿ ಸೊಸೆಗೂ ಮಾತು ಕೊಡುತ್ತಿದ್ದಳು: ನೀವು ಹೇಳಿದ್ದು ನಿಮ್ಮ ಹೆಸರಿನಲ್ಲಿ ಯಾರ ಕಿವಿಗೂ ಹೋಗುವುದಿಲ್ಲ.

ಆ ಹೊತ್ತಿಗೇ ಸಂಬಂಧವೊಂದು ಬಂತು. ಮಾನ್ವಿ ತಾಲೂಕಿನ ಊರು. ಹೆಸರು ಬರೆಯುವುದಿಲ್ಲ, ಮನೆಯ ಗುರುತು ಸಿಗದ ಹಾಗೆ ಒಂದೆರಡು ವಿಷಯ ತಿರುಗಿಸಿಯೂ ಬರೆದಿದ್ದೇನೆ. ಕಾಲುವೆ ನೀರಿನ ಭತ್ತದ ಗದ್ದೆ, ಇಬ್ಬರು ಗಂಡುಮಕ್ಕಳು. ಹಿರಿಯನಿಗೆ ಮದುವೆಯಾಗಿದೆ. ಕಿರಿಯ ಓದಿದವನು, ಕೆಲಸದಲ್ಲಿದ್ದಾನೆ, ಮುಖದಲ್ಲಿ ಕಳೆ ಇದೆ. ಅವನ ತಾಯಿ ನಮ್ಮ ಮನೆಗೆ ಬಂದು ಹುಡುಗಿಯನ್ನು ನೋಡಿ, ಹಣೆಗೆ ಕುಂಕುಮ ಹಚ್ಚಿ ಹೋಗಿದ್ದಳು. ನನ್ನ ಮಗ ಅಂದಿನಿಂದ ನಡೆಯುತ್ತಿರಲಿಲ್ಲ, ತೇಲುತ್ತಿದ್ದ. ಹುಡುಗಿಯೂ ಬೇಡ ಎಂದಿರಲಿಲ್ಲ. ಕಿರಿಯನ ಫೋಟೋ ಅವಳ ಫೋನಿನಲ್ಲಿ ಇತ್ತು, ನಾನು ನೋಡಿದ್ದೇನೆ.

ಯಾವ ಬಸುರಿಯರನ್ನು ಕೇಳಬೇಕು ಎಂಬುದನ್ನು ಕಂಪ್ಯೂಟರು ಆರಿಸುತ್ತಿತ್ತು. ಮಾನ್ವಿ ಕಡೆಯ ಸರದಿ ಬಂದಾಗ ಅದು ಆರಿಸಿದವರಲ್ಲಿ ಒಬ್ಬಳು ಆ ಮನೆಯ ಹಿರೇ ಸೊಸೆ.

"ಆ ಮನಿ ಬಿಡು" ಎಂದೆ. "ಬಾಜೂ ಮನಿ ತಗೋ."

"ಬೇಕಾದ ಮನಿ ಹಿಡದು ಬ್ಯಾಡಾದ್ದು ಬಿಟ್ರ ಅದು ಓದಲ್ಲ ಯಜ್ಜೀ."

"ನಿಶ್ಚಯಕಿಂತ ಮೊದಲ ಹುಡುಗಿ ಆ ಹೊಸ್ತಿಲಾ ತುಳಿಬಾರದಬೇ. ಜನ ಏನಂದಾರು? ಕರಿಯೋಕಿಂತ ಮೊದಲಾ ಬಂದಾಳ ಅಂತಾರ."

"ನಾ ಸೊಸಿಯಾಗಿ ಹೋಗಾಕತ್ತಿಲ್ಲ."

"ಹಂಗಾರ ಮಾಸ್ಕ್ ಹಾಕ್ಕೋ."

"ನಾ ಹಾಕ್ಕೊಂತೀನಿ. ಸಂಗಾಟ ನಿನ್ನ ಮಾರಿ ನೋಡಿ ಗುರುತು ಹಿಡಿಯಂಗಿಲ್ಲೇನು ಅವರು?"

ಇಬ್ಬರಿಗೂ ನಗು ಬಂತು. ಆಮೇಲೆ ಅವಳ ಮುಖ ಸಣ್ಣದಾಯಿತು. ಮೇಡಂಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಆ ವಾರ ರಜೆ ಇದ್ದದ್ದು ಅದೊಂದೇ ದಿನ. ಹೋದೆವು.

ಹುಡುಗನ ತಾಯಿ ಬಾಗಿಲಿಗೇ ಬಂದಳು. "ಬರ್ರಿ ಬೀಗರ, ಬರ್ರಿ! ಹೇಳದಾ ಕೇಳದಾ ಬಂದ್ರೆಲ್ಲ" ಎಂದು ಬಾಯಿ ತುಂಬ ಕರೆದಳು. ಕೆಟ್ಟವಳು ಎಂದು ನಾನು ಬರೆಯಲಾರೆ. ಚಾಪೆ ಹಾಸಿದಳು, ಮಂಡಕ್ಕಿಯ ಸೂಸಲ ಮಾಡಿಸಿದಳು, ಹುಡುಗಿಯ ತಲೆ ಸವರಿದಳು. ಸರ್ವೆ ಕೆಲಸ ಎಂದಾಗ, "ಅದೇನ ಅಷ್ಟ ದೊಡ್ಡದಲ್ಲ, ಇಲ್ಲೇ ಕೇಳು ಮಗಳ, ನಾ ಹೇಳ್ತೀನಿ" ಎಂದು ಹುಡುಗಿಯ ಕೈ ಹಿಡಿದು ಕೂರಿಸಿಕೊಂಡಳು.

ಅಲ್ಲಿ ನನ್ನ ಕೆಲಸ ಶುರುವಾಯಿತು. "ಯವ್ವಾ, ನಿಮ್ಮ ಭತ್ತದ ರಾಶಿ ತೋರಸ್ರಿ, ನಮ್ಮ ಸಿಟಿ ಮಂದಿಗಿ ಅದೊಂದು ಕಾಣವಲ್ದು" ಎಂದು ಅವಳನ್ನು ಹೊರಗೆ ಎಬ್ಬಿಸಿಕೊಂಡು ಹೋದೆ. ರಾಶಿ ಆಯಿತು, ಎಮ್ಮೆ ಆಯಿತು, ಎಮ್ಮೆಯ ಕರು ಆಯಿತು. ಒಳಗಿನಿಂದ ಸಪ್ಪಳವೇ ಇಲ್ಲ. ಬೇರೆ ಮನೆಗಳಲ್ಲಿ ಇಷ್ಟು ಹೊತ್ತು ಆಗುತ್ತಿರಲಿಲ್ಲ. ನನ್ನ ಬಾಯಿ ಎಮ್ಮೆಯ ಹಾಲಿನ ಬಗ್ಗೆ ಆಡುತ್ತಿತ್ತು, ಕಿವಿ ಅಡುಗೆಮನೆಯ ಗೋಡೆಗೆ ಅಂಟಿಕೊಂಡಿತ್ತು.

ಕೊನೆಗೆ ಹುಡುಗಿ ಹೊರಗೆ ಬಂದಳು. ಹಿಂದಿನಿಂದ ಆ ಸೊಸೆ ತಲೆ ತುಂಬ ಸೆರಗು ಹೊದ್ದು ಚಹಾ ತಂದಳು. ಸೊಸೆಯ ಮುಖ ನನಗೆ ಕಾಣಲಿಲ್ಲ. ಮೊಮ್ಮಗಳ ಮುಖ ಕಂಡಿತು. ಅದರಲ್ಲಿ ಏನೂ ಇರಲಿಲ್ಲ. ತೊಳೆದಿಟ್ಟ ತಾಟಿನ ಹಾಗಿತ್ತು.

ಬಸ್ಸಿನಲ್ಲಿ ಕೂತ ಕೂಡಲೇ ಕೇಳಿದೆ, "ಏನಂದ್ಲು?"

"ಹೇಳಂಗಿಲ್ಲ."

"ನಾ ನಿಮ್ಮಜ್ಜಿ ಇದೀನಿ."

"ಅಕಿಗಿ ಮಾತು ಕೊಟ್ಟೀನಿ."

"ಒಂದಾ ಒಂದು ಹೇಳು. ಆ ಮನಿ ಚಲೋ ಅದನೋ, ಇಲ್ಲೋ? ನೀ ಬಾಳ್ವಿ ಮಾಡೋ ಮನಿ ಅದು."

"ಹೂಂ ಅಂದ್ರೂ ಹೇಳಿದಂಗ, ಉಹೂಂ ಅಂದ್ರೂ ಹೇಳಿದಂಗ. ನಾ ನನ್ನ ಸಲುವಾಗಿ ಕೇಳಾಕ ಹೋಗಿದ್ದಿಲ್ಲ ಯಜ್ಜೀ. ಇನ್ನ ಕೇಳಬ್ಯಾಡ."

ರಾಯಚೂರು ಬರುವವರೆಗೆ ಅವಳು ನನ್ನನ್ನು ದಾಟಿ ಕಿಟಕಿಯ ಆಚೆ ನೋಡುತ್ತಿದ್ದಳು. ನನಗೆ ಸಿಟ್ಟೂ ಬಂತು, ಎದೆಯೂ ಉಬ್ಬಿತು. ಎಂಥ ಗಟ್ಟಿ ಹುಡುಗಿಯನ್ನು ಬೆಳೆಸಿದ್ದೇವೆ!

ಮನೆಯಲ್ಲಿ ಮಗ ಮಾತುಕತೆಯ ದಿನ ಗೊತ್ತು ಮಾಡಿದ. "ನಿನ್ನ ಮನಸಿನ್ಯಾಗ ಏನದ ಹೇಳು ಯವ್ವಾ" ಎಂದು ಮಗಳನ್ನು ಕೇಳಿದ. ಅವಳು, "ನಿಮಗ ತಿಳದಂಗ ಮಾಡ್ರಿ ಅಪ್ಪಾ" ಎಂದಳು. ಫೋಟೋ ನೋಡಿ ಮುಗುಳ್ನಗುತ್ತಿದ್ದವಳು ಈಗ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ.

ನಾನು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಸಂಬಂಧ ಬೇಡವೆಂದು ಇವಳೇ ಹೇಳಿದರೆ ಆ ಮನೆಯವರು ಬಿಡುವರೇ? ಅಡುಗೆಮನೆಗೆ ಹೋಗಿ ಬಂದ ಮೇಲೆ ತಾನೇ ಹುಡುಗಿಯ ಮನಸ್ಸು ತಿರುಗಿದ್ದು ಎನ್ನುತ್ತಾರೆ. ಹಿರೇ ಸೊಸೆಯನ್ನು ಹಿಡಿದು, ಏನು ಹೇಳಿದಿ ಎಂದು ಕೇಳುತ್ತಾರೆ. ಅವಳೋ ಬಸುರಿ. ಅವಳಿಗೆ ತೊಂದರೆ ಆಗಬಾರದೆಂದು ಈ ಹುಡುಗಿ ಬಾಯಿ ಮುಚ್ಚಿಕೊಂಡು ಆ ಮನೆಗೇ ಸೊಸೆಯಾಗಿ ಹೋಗಿಬಿಡುತ್ತಾಳೆಯೇ? ಹೋದರೂ ಹೋದಳು! ಓದಿನ ಹೆಸರಿನಲ್ಲಿ ಕೊಟ್ಟ ಮಾತಿಗೆ ಅಷ್ಟು ದೂರ ಹೋಗುವ ಹುಡುಗಿ ಅವಳು.

ಇನ್ನೊಂದು ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಒಳಗೆ ಆ ಸೊಸೆ ಎಲ್ಲ ಒಳ್ಳೆಯದನ್ನೇ ಹೇಳಿರಬಹುದು. ಕೇಳಿದ್ದನ್ನು ತನ್ನ ಲಾಭಕ್ಕೆ ಬಳಸಬಾರದೆಂದು ಹುಡುಗಿ ಒಳ್ಳೆಯದನ್ನೂ ನುಂಗಿಕೊಂಡಿರಬಹುದು. ಹಾಗಿದ್ದರೆ ಒಳ್ಳೆಯ ಮನೆಯನ್ನು ನಾನೇ ಕೈಯಾರೆ ದೂಡಿದ ಹಾಗೆ. ಲಿಂಗಪೂಜೆಗೆ ಕೂತರೆ ವಿಭೂತಿ ಹಚ್ಚಿದೆನೋ ಇಲ್ಲವೋ ಎಂದು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆದರೂ ತೊಳೆದಿಟ್ಟ ಆ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ.

ಬೇಡ ಎನ್ನುವುದಾದರೆ ಅವರೇ ಅನ್ನಬೇಕು, ನಮ್ಮ ಹುಡುಗಿ ಅನ್ನಬಾರದು. ಅಷ್ಟು ತಿಳಿದುಕೊಂಡೆ.

ಮಾತುಕತೆಗೆ ಹುಡುಗನ ತಾಯಿ, ಹಿರಿಯರು ಎಲ್ಲ ಬಂದರು. ನಾನು ಮುಂದೆಯೇ ಹೋಗಿ ಕೂತೆ.

"ರೊಟ್ಟಿ ಗಿಟ್ಟಿ ಬಡಿತಾಳೇನ್ರಿ ನಮ್ಮ ಹುಡುಗಿ?" ಎಂದು ಆಕೆ ನಗುತ್ತಲೇ ಕೇಳಿದಳು.

"ಎಲ್ಲಿ ಹೊತ್ತರಿ ಅಕಿಗಿ? ಹಗಲು ದವಾಖಾನಿ, ಸಂಜಿಗಿ ಲ್ಯಾಪ್‌ಟಾಪು. ನಾವಾ ತುತ್ತು ಮಾಡಿ ಕೈಯಾಗ ಕೊಡ್ತೀವಿ. ಅಷ್ಟು ಓದಿದಕಿನ್ನ ಒಲಿ ಮುಂದ ಕುಂದ್ರಸಾಕ ಬರತದೇನ್ರಿ?"

ಮಗ ಕೆಮ್ಮಿದ. ನಾನು ನಿಲ್ಲಲಿಲ್ಲ.

"ನಾಳೆ ಡಿಲ್ಲಿಗೂ ಕರೀತಾರಂತ್ರಿ. ಹುಡುಗ ನೌಕರಿ ಬಿಟ್ಟು ಅಕಿ ಹಿಂದ ಹೋಗಬೇಕಾಕ್ಕದ. ಪಗಾರ ಅಕಿ ಖಾತೆದಾಗಾ ಇರತದ, ಅದನ್ನ ಮಾತ್ರ ಯಾರೂ ಕೇಳಂಗಿಲ್ಲ. ಈಗಾ ಹೇಳಿಬಿಟ್ಟೆ ನೋಡ್ರಿ."

"ಅವ್ವಾ, ಸಾಕು ಬಿಡಬೇ" ಎಂದ ಮಗ.

"ಯಾಕ ಬಿಡ್ಲಿ? ಇಂಥ ಹುಡುಗಿ ಇಡೀ ಜಿಲ್ಲಾದಾಗ ಇನ್ನೊಂದು ತೋರಸ್ಲಿ!"

ಊಟದ ಮಾತನ್ನು ಮಾತ್ರ ನಾನು ಎತ್ತಲಿಲ್ಲ. ಯಾರು ಮೊದಲು ಉಣ್ಣುತ್ತಾರೆ, ಯಾರು ಆಮೇಲೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅದು ಬಾಯಿಂದ ಬಿದ್ದಿದ್ದರೆ ಆ ಸೊಸೆಯ ಮೇಲೆಯೇ ಹೋಗಿ ಬೀಳುತ್ತಿತ್ತು.

ಆಕೆಯ ನಗು ಸ್ವಲ್ಪ ಸ್ವಲ್ಪವೇ ಆರಿತು. ಕೊನೆಗೆ ಸೆರಗು ಸರಿಮಾಡಿಕೊಂಡು ಎದ್ದಳು. "ಇಷ್ಟ ದೊಡ್ಡ ಹುಡುಗಿ ನಮ್ಮ ಸಣ್ಣ ಮನ್ಯಾಗ ಹಿಡಿಸಂಗಿಲ್ಲ ಬಿಡ್ರಿ" ಎಂದಳು. ನನಗೆ ಬೇಕಾಗಿದ್ದುದು ಅದೇ ಮಾತು.

ಮಗ ಚಪ್ಪಲಿ ಮೆಟ್ಟಿ ಹೊರಗೆ ಹೋದ. ನನ್ನ ಸೊಸೆ, ಹುಡುಗಿಯ ತಾಯಿ, ತಟ್ಟೆಗಳನ್ನು ಒಂದೊಂದಾಗಿ ಎತ್ತುತ್ತ, "ಅತ್ತಿ, ಹಿಂಗ್ಯಾಕ ಮಾಡಿದ್ರಿ?" ಎಂದಳು. ನಾನು ಉಳಿದ ಲೋಟಗಳನ್ನು ಎತ್ತಿಕೊಟ್ಟೆ. ಒಳಗಿನ ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. "ಐತ್ವಾರ ಹಿರೇಕೊಟ್ನೆಕಲ್ಲಿಗಿ ಹೋಗೋದದ ಯಜ್ಜೀ. ಇನ್ನೂ ಮನಿ ಉಳದಾವ" ಎಂದಳು, ಅಷ್ಟೇ. ಹೋದೆವು. ಯಾರದೋ ಕಟ್ಟೆಯ ಮೇಲೆ ಕೂತು ಯಾರದೋ ಅತ್ತೆಗೆ ಉಪ್ಪಿನಕಾಯಿ ಹಾಕುವುದನ್ನು ಕೇಳಿದೆ. ಎಂದಿನ ಹಾಗೆ ಮಾತು ಬರಲಿಲ್ಲ.

ಬರೆದದ್ದನ್ನೆಲ್ಲ ಒಪ್ಪಿಸುವ ದಿನ ಅವಳೇ ಮೇಡಂಗೆ ಹೇಳಿದಳಂತೆ: ಒಂದು ಮನೆಯ ಜೊತೆ ನನ್ನ ಮದುವೆಯ ಮಾತು ನಡೆದಿತ್ತು. ಅವರು ಆ ಮನೆಯನ್ನು ತೆಗೆದುಬಿಡು ಎಂದರಂತೆ. ಆ ಸೊಸೆ ಹೇಳಿದ್ದು ಓದಿನಲ್ಲಿಯೂ ಇಲ್ಲದ ಹಾಗಾಯಿತು. ಪಾಸಾದ ಸುದ್ದಿ ಬಂದಾಗ ಕುಣಿದವಳು ನಾನು. ಹುಡುಗಿ ನಕ್ಕಳು, ಆಮೇಲೆ ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು.

ಮೊನ್ನೆ ಮಾನ್ವಿಯಿಂದ ಬಂದ ಪರಿಚಯದವಳೊಬ್ಬಳು ಹೇಳಿದಳು: ಆ ಹಿರೇ ಸೊಸೆಗೆ ಹೆರಿಗೆಯಾಯಿತು, ಗಂಡ ಹೆಂಡತಿ ಬೇರೆ ಮನೆ ಮಾಡಿಕೊಂಡಿದ್ದಾರೆ, ತಾಯಿ ಮಗು ಆರಾಮಾಗಿದ್ದಾರೆ. ನನಗೆ ಮತ್ತೆ ಆಸೆ ಹುಟ್ಟಿತು. "ಅಕಿ ಈಗ ಬ್ಯಾರೆ ಅದಾಳ. ಈಗರ ಹೇಳಬೇ. ನಾ ಮಾಡಿದ್ದು ಸರಿ ಆತೋ, ತಪ್ಪಾತೋ?" ಎಂದು ಮೊಮ್ಮಗಳನ್ನು ಕೇಳಿದೆ.

"ಅಕಿ ಬ್ಯಾರೆ ಆದ್ರ ನಾ ಕೊಟ್ಟ ಮಾತು ಮುಗೀತೇನು?" ಎಂದಳು. ಹಾಗೆಂದು ನನ್ನ ಪಕ್ಕಕ್ಕೆ ಬಂದು ಕೂತು, ನನ್ನ ಚೀಲದಿಂದ ಅಡಿಕೆ ತೆಗೆದು ಕತ್ತರಿಸತೊಡಗಿದಳು.

ಸರಿಯೋ ತಪ್ಪೋ ನನಗೆ ಗೊತ್ತಾಗುವುದಿಲ್ಲ. ಅವಳು ಹೇಳುವವಳಲ್ಲ. ಆ ಹಿರೇ ಸೊಸೆ ಬೇರೆಯಾದ್ದರಿಂದ ಅವಳ ಕಡೆ ಬೊಟ್ಟು ಮಾಡುವವರು ಈಗ ಇಲ್ಲವೆಂದು ಇಷ್ಟನ್ನು ಬರೆದಿದ್ದೇನೆ. ನನ್ನ ಮಗ ಇದನ್ನು ಓದುತ್ತಾನೆ. ಓದಿದ ಮೇಲೆ ಬಂದು ಮಾತಾಡುತ್ತಾನೋ, ಇದ್ದ ಸಿಟ್ಟಿಗೆ ಇನ್ನೊಂದಿಷ್ಟು ಸೇರಿಸಿಕೊಳ್ಳುತ್ತಾನೋ, ಓದಲಿ.