ಅವ್ವ ಬಿಟ್ಟ ಅರ್ಧ ಹೂವು

ಮೆಂತೆ ಹೊಲಿಗೆಯಲ್ಲಿ ಮೇಲಿನ ಎಳೆ ಯಾವ ಕಡೆಗೆ ವಾಲಬೇಕು ಎಂಬ ಒಂದೇ ಕಾರಣಕ್ಕೆ ನಾನು ಎಷ್ಟು ಹುಡುಗಿಯರ ಅಂಕ ಕಡಿದಿದ್ದೇನೋ ದೇವರೇ ಬಲ್ಲ. ಎರಡು ಎಳೆ ಅಡ್ಡಡ್ಡ ಬಿದ್ದು ಸಣ್ಣದೊಂದು ಗುಣಾಕಾರದ ಗುರುತು ಆಗುತ್ತದಲ್ಲ, ಅದೇ ಮೆಂತೆ. ಈಗಿನವರು ಕ್ರಾಸ್ ಸ್ಟಿಚ್ ಎನ್ನುತ್ತಾರೆ. ಮೇಲಿನ ಎಳೆ ಎಲ್ಲ ಕಡೆಯೂ ಬಲಕ್ಕೇ ವಾಲಬೇಕು ಎಂಬುದು ಕಸೂತಿ ಕಲಿಸುತ್ತಿದ್ದ ಶಾಲೆಯಲ್ಲಿ ನನ್ನ ಕಾನೂನಾಗಿತ್ತು. ನನ್ನ ಅವ್ವ ಮಾತ್ರ ಜೀವನಪೂರ್ತಿ ಎಡಕ್ಕೇ ಹಾಕಿದಳು. ತಪ್ಪು ಎಂದು ತೋರಿಸಿದರೆ, "ನಿನ್ನ ಸಾಲಿ ನೀ ನಡಸು, ನನ್ನ ಸೂಜಿ ನಾ ನಡಸ್ತೇನಿ" ಎಂದು ಕನ್ನಡಕ ಮೇಲೇರಿಸುತ್ತಿದ್ದಳು. ನಾನು ಸಿಟ್ಟಿನವಳು, ಅವಳು ನನಗಿಂತ ಒಂದು ಕೈ ಹೆಚ್ಚು. ಬಾಗಲಕೋಟೆಯ ನವನಗರದ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಮದುವೆಯಾಗಲಿಲ್ಲ. ಜಗಳಕ್ಕೆ ಅವಳಿದ್ದಳು, ಅಷ್ಟು ಸಾಕಾಗಿತ್ತು.

ಅವಳು ಹೋಗಿ ಮೂರು ವರ್ಷ. ಆ ದಿನದ ಮುಂಜಾನೆ ಹುನಗುಂದದಿಂದ ತಂಗಿ ಫೋನ್ ಮಾಡಿದ್ದಳು. ಅವ್ವನಿಗೆ ಸ್ವಲ್ಪ ದಮ್ಮು ಹತ್ತಿತ್ತು. ಮೊದಲೂ ನಾಲ್ಕಾರು ಸಲ ಹತ್ತಿ ಇಳಿದಿತ್ತು. "ಇವತ್ತ ಬರ್ಲೇನು?" ಎಂದಳು. "ಏನೂ ಆಗಿಲ್ಲ. ನಾಳೆ ಬಾ, ನಡೀತೈತಿ" ಎಂದೆ. ಸಂಜೆಯೊಳಗೆ ಅವ್ವ ಇರಲಿಲ್ಲ. ತಂಗಿ ಬಂದವಳು ಮಣ್ಣು ಮಾಡುವ ತನಕ ನನ್ನ ಮುಖ ನೋಡಲಿಲ್ಲ. ಆಮೇಲೆ ಒಂದೇ ಮಾತು ಆಡಿದಳು: "ಕಡೀ ಸಲ ಅವ್ವನ ಮಾರಿ ನೋಡೋದೂ ನೀನ ಒಬ್ಬಾಕಿನ ಇಟ್ಕೊಂಡಿ." ಮತ್ತೆ ಫೋನಿಲ್ಲ, ಬರುವುದಿಲ್ಲ, ಕರೆಯುವುದಿಲ್ಲ. ನಾನೂ ಮಾಡಲಿಲ್ಲ. ತಪ್ಪು ನನ್ನದೇ ಇದ್ದರೂ ಮೊದಲು ಬಾಗುವ ಸ್ವಭಾವ ನನ್ನದಲ್ಲ.

ಈ ವರ್ಷ ತಂಗಿಯ ಮಗಳು ಹಡೆದಳು. ಅವಳೇ ಫೋನ್ ಮಾಡಿ, "ದೊಡ್ಡವ್ವಾ, ಕೂಸಿನ್ನ ತೊಟ್ಟಲಕ್ಕ ಹಾಕ್ತೇವಿ, ನೀ ಬರಬೇಕು ನೋಡು" ಎಂದಳು. "ನಿಮ್ಮವ್ವ ಕರದ್ಲೇನು?" ಎಂದು ಕೇಳಿದೆ. "ನಾ ಕರೀಲಿಕ್ಕತ್ತೇನಲ್ಲ" ಎಂದಳು.

ಆಗ ನೆನಪಾದದ್ದು ಕುಂಚಿಗೆ. ಕೂಸಿನ ತಲೆ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಬಟ್ಟೆ ಅದು. ಇದೇ ಹುಡುಗಿಯ ಮದುವೆ ಗೊತ್ತಾದಾಗಲೇ ಅವ್ವ, ಮುಂದೆ ಹುಟ್ಟುವ ಕೂಸಿಗೆಂದು ಅವಸರ ಮಾಡಿ ಶುರುಮಾಡಿದ್ದಳು. ಟ್ರಂಕಿನಿಂದ ತೆಗೆದಾಗ ಸೂಜಿ ಬಟ್ಟೆಯಲ್ಲೇ ಇತ್ತು. ಹೊಗೆಯ ಬಣ್ಣದ ಬಟ್ಟೆಯ ಮೇಲೆ ಒಂದೇ ನಮೂನೆಯ ಸಣ್ಣ ಹಳದಿ ಹೂಗಳು. ಸಾಲು ಹಿಡಿದು ಹೋಗುವ ಅಭ್ಯಾಸ ಅವ್ವನಿಗೆ ಇರಲಿಲ್ಲ. ಮನಸ್ಸು ಬಂದಲ್ಲಿ ಒಂದು, ಮತ್ತೆಲ್ಲೋ ಒಂದು. ಕೊನೆಯ ಹೂವಿಗೆ ಎರಡು ಎಸಳು ಬಾಕಿ ಇದ್ದವು. ಬಟ್ಟೆಯ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು, ತಲೆಯ ಭಾಗಕ್ಕೆ ಬಟ್ಟೆಯೇ ಇರಲಿಲ್ಲ.

ಇದನ್ನು ಮುಗಿಸಿ ಒಯ್ದು ಕೊಟ್ಟರೆ ತಂಗಿ ಮಾತಾಡುತ್ತಾಳೆ ಎಂದು ನನಗೆ ಅನ್ನಿಸಿತು. ಖರೆ ಹೇಳಬೇಕೆಂದರೆ ಅನ್ನಿಸಿದ್ದಲ್ಲ, ಅದನ್ನೇ ಹಿಡಿದು ಕುಳಿತೆ. ಮಾತಾಡುವವರಿಲ್ಲದೆ ನನಗೆ ಸಾಕಾಗಿ ಹೋಗಿತ್ತು. ಒಂದೊಂದು ದಿನ ಹಾಲಿನವನ ಹತ್ತಿರ ಆಡಿದ ಎರಡು ಮಾತೇ ಆ ದಿನದ ಒಟ್ಟು ಮಾತು.

ಇಳಕಲ್ಲಿಗೆ ಹೋಗಿ ಕೈಮಗ್ಗದ ಬಿಳಿ ಬಟ್ಟೆ ತಂದೆ. ಅವ್ವ ಬಣ್ಣ ಹಾಕುತ್ತಿದ್ದುದು ದಾಳಿಂಬೆ ಸಿಪ್ಪೆಯಿಂದ. ಸಿಪ್ಪೆ ಕುದಿಸಿದ ಒಂದೇ ನೀರಿನಲ್ಲಿ ಎರಡು ಬಣ್ಣ ತೆಗೆಯುತ್ತಿದ್ದಳು. ಪಟಿಕ ಹಾಕಿದರೆ ನೂಲಿಗೆ ಹಳದಿ, ತುಕ್ಕು ಹಿಡಿದ ಮೊಳೆ ಮತ್ತು ಬೆಲ್ಲ ನೆನೆಸಿದ ನೀರು ಹಾಕಿದರೆ ಬಟ್ಟೆಗೆ ಹೊಗೆಯ ಬಣ್ಣ. ನಾನು ಮೊದಲು ನಳದ ನೀರಿನಲ್ಲಿ ಮಾಡಿದೆ. ಬಟ್ಟೆ ಕೆಸರಿನ ಹಾಗೆ ಬಂತು. ಅವ್ವ ಮಲಪ್ರಭೆ ಹೊಳೆಯ ನೀರೇ ಬೇಕೆಂದು ಹಟ ಮಾಡುತ್ತಿದ್ದಳು, ನಾನು ನಗುತ್ತಿದ್ದೆ. ಈಗ ಎರಡು ಕ್ಯಾನು ಹಿಡಿದುಕೊಂಡು ಬಾದಾಮಿಯ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋದಲ್ಲಿ ಶಿವಯೋಗ ಮಂದಿರದ ತನಕ ಹೋಗಿ ಮಲಪ್ರಭೆಯ ನೀರು ತುಂಬಿಕೊಂಡೆ. ತಿರುಗಿ ಬರುವಾಗ ಕಂಡಕ್ಟರ್ ಕ್ಯಾನುಗಳನ್ನು ನೋಡಿ, "ತೀರ್ಥ ಏನ್ರಿ ಅಕ್ಕಾರ?" ಎಂದ. "ಹೌದಪಾ, ನಿನಗೂ ಒಂದೀಟು ಬೇಕಾಗೇತಿ ನೋಡು" ಎಂದೆ. ಸುತ್ತ ಕುಳಿತವರು ನಕ್ಕರು. ಭಾಳ ದಿನದ ಮೇಲೆ ನಾಲ್ಕು ಜನರ ನಡುವೆ ನಾನೂ ನಕ್ಕೆ.

ಹೊಳೆಯ ನೀರಿನಲ್ಲೂ ಬಣ್ಣ ಹೊಸದಾಗಿಯೇ ಕಣ್ಣಿಗೆ ಹೊಡೆಯುತ್ತಿತ್ತು. ಅವ್ವನ ನೂಲು ಮೂರು ವರ್ಷದಲ್ಲಿ ಒಣಹುಲ್ಲಿನ ಬಣ್ಣಕ್ಕೆ ಇಳಿದಿತ್ತು. ಸಿಪ್ಪೆ ಕಡಿಮೆ ಮಾಡಿ ಮತ್ತೆ ಹಾಕಿದೆ, ಬಿಸಿಲಿಗೆ ಒಡ್ಡಿದೆ, ತೊಳೆದೆ, ಮತ್ತೆ ಒಡ್ಡಿದೆ. ಐದನೆಯ ಸಲಕ್ಕೆ ಎರಡೂ ಎಳೆಗಳನ್ನು ಅಂಗೈ ಮೇಲಿಟ್ಟುಕೊಂಡರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ. ಅವತ್ತು ಖುಷಿಗೆ ಗೋಧಿ ಹುಗ್ಗಿ ಮಾಡಿಕೊಂಡು ಒಬ್ಬಳೇ ಕುಳಿತು ಉಂಡೆ.

ಮೊದಲು ಮುಗಿಸಿದ್ದು ಆ ಅರ್ಧ ಹೂವನ್ನು. ಮೇಲಿನ ಎಳೆಯನ್ನು ಎಡಕ್ಕೇ ಹಾಕಿದೆ. ಕೈ ಪ್ರತಿಸಲ ಬಲಕ್ಕೆ ಎಳೆಯುತ್ತಿತ್ತು, ಗದರಿಸಿ ತಿರುಗಿಸಿಕೊಂಡೆ. ಕೊನೆಕೊನೆಗೆ ಅವ್ವನ ಕೈ ನಡುಗಿ ಹೊಲಿಗೆ ಸಡಿಲಾಗಿತ್ತು. ಅಲ್ಲಲ್ಲಿ ಅಷ್ಟೇ ಸಡಿಲು ಬಿಟ್ಟೆ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ನೂಲಿನ ತುದಿಯನ್ನು ಹಿಂದಿನ ಹೊಲಿಗೆಗಳ ಕೆಳಗೆ ತೂರಿಸಿಬಿಡುತ್ತೇವೆ, ಹೀಗಾಗಿ ತಿರುವಿ ನೋಡಿದರೂ ಎಲ್ಲಿ ಬಿಟ್ಟಿತು, ಎಲ್ಲಿ ಹಿಡಿಯಿತು ಎಂದು ಗೊತ್ತಾಗುವುದಿಲ್ಲ. ತಲೆಯ ಭಾಗ ಜೋಡಿಸಿ, ಖಾಲಿ ಜಾಗದ ತುಂಬ ಅವ್ವನ ಹಾಗೆಯೇ ಮನಸ್ಸು ಬಂದಲ್ಲಿ ಹೂ ಹಾಕಿದೆ. ಎಲ್ಲಾ ಮುಗಿದ ಮೇಲೆ ಇಡೀ ಕುಂಚಿಗೆಯನ್ನು ಒಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಿದೆ. ನನ್ನ ಜನ್ಮದಲ್ಲೇ ಅಷ್ಟು ಒಳ್ಳೆಯ ಕೆಲಸ ಮಾಡಿರಲಿಲ್ಲ. ಶಹಬ್ಬಾಸ್ ಅನ್ನಲು ಮನೆಯಲ್ಲಿ ಯಾರೂ ಇರಲಿಲ್ಲ, ನಾನೇ ಅಂದುಕೊಂಡೆ.

ಹುನಗುಂದದಲ್ಲಿ ಮನೆ ತುಂಬ ಹೆಂಗಸರು. ತಂಗಿ ನನ್ನನ್ನು ನೋಡಿ, "ಬರ್ರಿ, ಕೂಡ್ರಿ" ಎಂದಳು. ಒಡಹುಟ್ಟಿದವಳು ನನಗೆ ರೀ ಹಚ್ಚಿದಳು. ಒಳಕೋಣೆಗೆ ಕರೆದು ಕುಂಚಿಗೆಯನ್ನು ಕೈಗೆ ಕೊಟ್ಟೆ. "ಅವ್ವ ಹಾಕಿದ್ದು. ಅರ್ಧಕ್ಕ ಬಿಟ್ಟಿದ್ಲು. ನಾ ಮುಗಿಸೇನಿ."

ಅವಳು ಬಹಳ ಹೊತ್ತು ನೋಡಿದಳು. ತಿರುವಿ ನೋಡಿದಳು. ಕಣ್ಣು ತುಂಬಿದವು. ಆಮೇಲೆ ಮೂರು ವರ್ಷದಿಂದ ನಾನು ಕೇಳದ ದನಿಯಲ್ಲಿ, "ಅಕ್ಕಾ, ಕಡೀಕ ಅವ್ವ ಎಲ್ಲಿಗೆ ಬಿಟ್ಟಿದ್ಲು? ಆ ಜಾಗಾ ತೋರ್ಸು" ಎಂದಳು. ತೋರುಬೆರಳು ಮುಂದೆ ಮಾಡಿಕೊಂಡೇ ನಿಂತಿದ್ದಳು, ಮುಟ್ಟಲಿಕ್ಕೆ.

ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಇಲ್ಲಿ ಅನ್ನಿಸಿತು, ಅಲ್ಲ, ಅದರ ಪಕ್ಕದ್ದು. ಕಿಟಕಿಯ ಬೆಳಕಿಗೆ ಹಿಡಿದೆ. ಎಳೆ ಎಣಿಸಿದೆ. ಎಲ್ಲ ಹೂಗಳೂ ಅವ್ವನವೇ ಆಗಿದ್ದವು. ಯಾವುದೋ ಒಂದರ ಮೇಲೆ ಬೆರಳಿಟ್ಟು ಇದೇ ಎಂದಿದ್ದರೆ ನಂಬುತ್ತಿದ್ದಳು. ಬಾಯಿಗೂ ಬಂದಿತ್ತು. ಆದರೆ ಆ ಬೆರಳನ್ನು ನೋಡಿ ಸುಳ್ಳು ಹೇಳುವುದು ಆಗಲಿಲ್ಲ.

"ನನಗೂ ಗೊತ್ತಾಗವಲ್ದು" ಎಂದೆ.

ತಂಗಿ ಬೆರಳು ಹಿಂದೆ ತೆಗೆದುಕೊಂಡಳು. "ಇದನ್ನೂ ನನಗ ಉಳಸ್ಲಿಲ್ಲ ನೀ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಹೊರಗೆ ಕೂಸಿಗೆ ತಾನೇ ಕುಂಚಿಗೆ ಹಾಕಿದಳು. ಹೆಂಗಸರು ಮುಟ್ಟಿ ಮುಟ್ಟಿ ನೋಡಿದರು. ಒಬ್ಬಾಕೆ, "ಯಾರ ಕೈರೀ ಇದು? ಎಷ್ಟ ಚಂದ ಐತಿ" ಎಂದು ಕೇಳಿದಳು.

"ನಮ್ಮವ್ವಂದು" ಎಂದಳು ತಂಗಿ. "ಪೂರಾ."

ಆಕೆ ಹೌದೇ ಎಂಬಂತೆ ನನ್ನ ಕಡೆ ತಿರುಗಿದಳು. "ಹೌದ್ರಿ" ಎಂದೆ, "ಪೂರಾ ಅವ್ವಂದ."