ಎಲ್ಲಿಗೆ ಎಂದು ಕೇಳುವ ಊರು

ಅಮೆರಿಕದ ಟೆಕ್ಸಸ್ಸಿನ ಶುಗರ್ ಲ್ಯಾಂಡಿನ ನಮ್ಮ ಬೀದಿಯಲ್ಲಿ ಮನೆಗೆ ಎರಡೆರಡು ಕಾರು. ಕಾಲ್ನಡಿಗೆಯವರು ಇಬ್ಬರೇ. ಒಬ್ಬಳು ನಾನು, ಲೈಸೆನ್ಸ್ ಇಲ್ಲದವಳು. ಇನ್ನೊಬ್ಬರು ಪಕ್ಕದ ಮನೆಯ ಫಿಲಿಪೀನ್ಸಿನ ಅಜ್ಜಿ. ನರ್ಸ್ ಆಗಿದ್ದ ಅವರ ಮಗಳು ಮಕ್ಕಳನ್ನು ನೋಡಿಕೊಳ್ಳಲೆಂದು ಅವರನ್ನು ಇಲೋಯ್ಲೊ ಎಂಬ ಊರಿನಿಂದ ಕರೆಸಿಕೊಂಡಿದ್ದಳು. ಅಜ್ಜಿ ಅಲ್ಲಿನ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಅವರಿಗೆ ಕೇಳುವವರು ಬೇಕಿತ್ತು, ನನಗೆ ಹೋಗಲು ಬೇರೆ ಜಾಗವಿರಲಿಲ್ಲ.

ಅದು ೨೦೧೦ರ ದಶಕದ ಮೊದಲ ವರ್ಷಗಳು. ವರ್ಷಗಟ್ಟಲೆ ಕಾದು ಗ್ರೀನ್ ಕಾರ್ಡ್ ಬಂದಿತ್ತು. ಒಂದು ಆಸ್ಪತ್ರೆಯ ಲ್ಯಾಬಿನವರು ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದರು. ಬೆಳಿಗ್ಗೆ ಆರಕ್ಕೆ ಶಿಫ್ಟು. ನನ್ನವರ ಆಫೀಸು ಊರಿನ ಇನ್ನೊಂದು ದಿಕ್ಕಿಗೆ, ಬಸ್ಸಿನ ಮಾತೇ ಇಲ್ಲ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಕೆಲಸ ನನ್ನದು, ಇಲ್ಲದಿದ್ದರೆ ಬೇರೆಯವರದು ಎಂದು ಸ್ಪಷ್ಟವಾಗಿಯೇ ಹೇಳಿದ್ದರು.

ಮೊದಲನೇ ಟೆಸ್ಟಿಗೆ ಹೊರಟಾಗ ಅಜ್ಜಿ ಹುಲ್ಲಿಗೆ ಪೈಪು ಹಿಡಿದು ನಿಂತಿದ್ದರು. "ಎಲ್ಲಿಗೆ ಹೊರಟೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿದೆ. ಎರಡು ಕಂಬಗಳ ನಡುವೆ ಕಾರು ಸೇರಿಸುವ ಪ್ಯಾರಲಲ್ ಪಾರ್ಕಿಂಗಿನಲ್ಲಿ ಒಂದನ್ನು ಕೆಡವಿ ಫೇಲಾಗಿ ಬಂದೆ. ಎರಡನೇ ಸಲವೂ ಅದೇ ಪೈಪು, ಅದೇ ಪ್ರಶ್ನೆ. ಕಂಬ ಈ ಸಲ ಬೀಳಲಿಲ್ಲ, ಆದರೆ ಕಾರು ಫುಟ್‌ಪಾತ್ ಹತ್ತಿತು.

ಆಗ ನಮ್ಮ ಅತ್ತೆ ಇಳಕಲ್ಲಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಕಾರಣ ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹೊಂಟವರಿಗೆ ಎಲ್ಲಿಗೆ ಅಂತ ಕೇಳಿದ್ರ ಕೆಲಸ ಹೆಂಗ ಆದೀತು? ದೂರ ಹೊಂಟ್ರೇನು ಅಂತ ಕೇಳಬೇಕು. ಆ ಅಜ್ಜಿಗಿ ಹೇಳು ನೀ," ಎಂದರು.

"ಅವರಿಗೆ ಹೆಂಗ ಹೇಳೂದ್ರಿ ಅತ್ತಿ, ಬ್ಯಾಸರ ಆಗ್ತಾರ."

"ಹಂಗಾರ ನೀ ಫೇಲಾಗು."

ಅತ್ತೆಗೂ ಆ ಅಜ್ಜಿಗೂ ದ್ವೇಷವೇನೂ ಇರಲಿಲ್ಲ. ದಿನಾ ಸಂಜೆ ಇಬ್ಬರೂ ನಮ್ಮ ಡ್ರೈವ್‌ವೇಯಲ್ಲಿ ಮಡಚುವ ಕುರ್ಚಿ ಹಾಕಿ ಕೂರುತ್ತಿದ್ದರು, ನಡುವೆ ನಾನು ದುಭಾಷಿ. ಅಜ್ಜಿ ತಮ್ಮ ಊರನ್ನು ಪಾಠ ಮಾಡುತ್ತಿದ್ದರು. ಹಿಂದೆ ಇಲೋಯ್ಲೊದಲ್ಲಿ ಮನೆಮನೆಗೂ ಮಗ್ಗವಿತ್ತಂತೆ. ಅನಾನಸ್ ಎಲೆಯ ನಾರು ತೆಗೆದು ಹೆಂಗಸರು ಬಟ್ಟೆ ನೇಯುತ್ತಿದ್ದರಂತೆ. ಆಮೇಲೆ ಇಂಗ್ಲಿಷರ ಹಡಗುಗಳು ಮಿಲ್ಲಿನ ಬಟ್ಟೆ ತಂದು ಇಳಿಸಿದವು. ಖಾಲಿ ಯಾಕೆ ಹೋಗಬೇಕೆಂದು ಸಕ್ಕರೆ ತುಂಬಿಕೊಂಡು ಹೋದವು. ಮಗ್ಗ ನಿಂತವು, ನದಿಯ ದಂಡೆಗೆ ಸಕ್ಕರೆಯ ಗೋದಾಮುಗಳೆದ್ದವು, ಕಬ್ಬಿನ ಧಣಿಗಳು ಬಂಗಲೆ ಕಟ್ಟಿಸಿದರು. ಈಗ ಬಂಗಲೆಗಳಲ್ಲಿ ಬಾವಲಿಗಳಿವೆ ಎಂದರು ಅಜ್ಜಿ. ಆ ಸಕ್ಕರೆಯ ಊರಿನಿಂದ ಶುಗರ್ ಲ್ಯಾಂಡಿಗೆ ಬಂದದ್ದನ್ನು ಅವರು ಬಡ್ತಿಯೆಂದು ತಿಳಿದಿರಲಿಲ್ಲ.

ಅತ್ತೆಗೆ ಇದು ಹೊಸ ಕಥೆಯಾಗಿರಲಿಲ್ಲ. ಅವರದು ನೇಕಾರರ ಮನೆತನ. "ಅವರ ಮನಿ ಹಾಳಾಗ, ಅಲ್ಲಿಗೂ ಹೋಗಿದ್ರೇನು?" ಎಂದರು, ಇಂಗ್ಲಿಷರನ್ನು ಕುರಿತು. ಇದನ್ನು ಅನುವಾದಿಸಿದಾಗ ಅಜ್ಜಿಗೆ ಬಹಳ ಸಂತೋಷವಾಯಿತು.

ಅಜ್ಜಿ ಇನ್ನೂ ಎಷ್ಟೋ ಹೇಳುತ್ತಿದ್ದರು. ಅಲ್ಲಿ ಒಂದು ಚರ್ಚಿನ ಕಂಬಕಂಬಕ್ಕೂ ಸಂತರ ಮೂರ್ತಿ, ಎಲ್ಲರೂ ಹೆಂಗಸರೇ. ಜೀಪ್ನಿ ಎನ್ನುವ ಬಣ್ಣಬಣ್ಣದ ಗಾಡಿ, ನಮ್ಮ ಕಡೆಯ ಟಂಟಂ ಆಟೋದ ಹಾಗೆ, ಕೈಯೆತ್ತಿದಲ್ಲಿ ನಿಲ್ಲುತ್ತದೆ. ಮಾರ್ಕೆಟ್ಟಿನಲ್ಲಿ ಬಿಸಿ ಬಾಚೊಯ್ ಎಂಬ ಶಾವಿಗೆ ಸಾರು. ಅದರೊಳಗೆ ಏನೇನು ಬಿದ್ದಿರುತ್ತದೆ ಎಂಬುದನ್ನು ನಾನು ಅತ್ತೆಗೆ ಅನುವಾದಿಸಲಿಲ್ಲ. ಆ ಊರಿನವರ ಮಾತು ಎಷ್ಟು ಮೆತ್ತಗೆಂದರೆ ಜಗಳವಾಡಿದರೂ ಜೋಗುಳ ಹಾಡಿದಂತೆ ಕೇಳಿಸುತ್ತದಂತೆ.

"ನಮ್ಮ ಕಡೆ ಜೋಗುಳಾನೂ ಜಗಳಧಂಗ ಇರ್ತದ," ಎಂದರು ಅತ್ತೆ.

ನಾನು ಮೈಕ್ರೋಬಯಾಲಜಿ ಓದಿದವಳು. ಆದರೆ ಮೂರನೇ ಸಲವೂ ಫೇಲಾದರೆ ಹೊಸದಾಗಿ ಅರ್ಜಿ ಹಾಕಬೇಕಿತ್ತು, ಅಷ್ಟರಲ್ಲಿ ತಿಂಗಳು ಮುಗಿಯುತ್ತಿತ್ತು. ವಿಜ್ಞಾನವನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟೆ. ಟೆಸ್ಟಿನ ಹಿಂದಿನ ದಿನ ಅಜ್ಜಿಯ ಹತ್ತಿರ ಹೋಗಿ, ಹೊರಟವರನ್ನು ಎಲ್ಲಿಗೆಂದು ಕೇಳುವುದು ನಮ್ಮಲ್ಲಿ ಅಪಶಕುನ ಎಂದು ಹೇಳಿಬಿಟ್ಟೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ತಮ್ಮ ಊರಿನಲ್ಲಿ ಅದು ನಮಸ್ಕಾರವಿದ್ದಂತೆ ಎಂದರು. ಉತ್ತರಕ್ಕೆ ಯಾರೂ ಕಾಯುವುದಿಲ್ಲ, "ಅಲ್ಲೇ" ಎಂದು ತುಟಿಯನ್ನು ಒಂದು ದಿಕ್ಕಿಗೆ ಚಾಚಿದರೆ ಸಾಕು. ಕೇಳದೆ ಬಿಟ್ಟರೆ ಮಾತ್ರ ಏನೋ ಮನಸ್ತಾಪವಾಗಿದೆ ಎಂದು ಅರ್ಥ. "ಆಯ್ತು, ಇನ್ಮೇಲೆ ಕೇಳಲ್ಲ," ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ, ಅವರಿಗೆ ಬೇಸರವಾಗಿಲ್ಲ ಎಂದುಕೊಂಡೆ.

ಮರುದಿನ ನಾನು ಹೊರಗೆ ಬಂದಿದ್ದೇ ತಡ, ಅಜ್ಜಿ ನಲ್ಲಿ ನಿಲ್ಲಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಪಾಸಾದೆ. ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿ, "ನಾ ಹೇಳಲಿಲ್ಲೇನು?" ಎಂದರು.

ಕೆಲಸ ಶುರುವಾಯಿತು. ಅಜ್ಜಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಗಲು ಹೊತ್ತಿನಲ್ಲಿ ನಮ್ಮ ಗ್ಯಾರೇಜಿನ ಬಾಗಿಲು ಮೇಲೆದ್ದರೆ ಸಾಕು, ಪೈಪು ಬಿಟ್ಟು ಒಳಗೆ ಹೋಗುತ್ತಿದ್ದರು. ಸಂಜೆ ಬರುವುದೂ ನಿಂತಿತು. ಅತ್ತೆ ಎರಡು ಕುರ್ಚಿ ಹಾಕಿ ಒಂದರಲ್ಲಿ ಕೂರುತ್ತಿದ್ದರು. "ಲೈಸೆನ್ಸ್ ಬಂತಲ್ಲಾ, ಇನ್ನೇನ, ಎಲ್ಲಿಗೆ ಅಂತ ಕೇಳಿದ್ರ ಕೇಳ್ಲಿ ಬಿಡು," ಎಂದು ಒಂದು ದಿನ ನನ್ನ ಮೇಲೆಯೇ ಸಿಡುಕಿದರು, ಆ ಶಾಸ್ತ್ರ ತಂದವಳು ನಾನೇ ಎಂಬ ಹಾಗೆ. ನನಗೆ ನಾಚಿಕೆಯಾಗಿತ್ತು. ಆ ವಯಸ್ಸಿನ ಮೇಷ್ಟರಮ್ಮನಿಗೆ ಬಾಯಿ ಮುಚ್ಚಿ ಎಂದು ಹೇಳಿದಂತಾಗಿತ್ತು.

ಒಂದು ಶನಿವಾರ ಹೋಗಿ ಅವರ ಮನೆಯ ಬೆಲ್ ಒತ್ತಿದೆ. ಅಜ್ಜಿ ಬಾಗಿಲು ಅರ್ಧ ತೆಗೆದರು.

"ತರಕಾರಿ ತರೋದಕ್ಕೆ ಹೊರಟಿದ್ದೀನಿ. ಆಮೇಲೆ ಲೈಬ್ರರಿಗೆ. ನೀವೂ ಬರ್ತೀರಾ?" ಎಂದೆ.

"ಐದು ನಿಮಿಷ," ಎಂದರು. ಎರಡೇ ನಿಮಿಷಕ್ಕೆ ಬಂದರು. ತುಟಿಗೆ ಬಣ್ಣ, ಕೈಯಲ್ಲಿ ಚೀಲ, ಮೋಡವೇ ಇಲ್ಲದ ದಿನ ಕೊಡೆ. ಸೀಟ್ ಬೆಲ್ಟನ್ನು ತಾವೇ ಹಾಕಿಕೊಂಡರು.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಕ್ಷಮೆ ಕೇಳಿದೆ. ಅದು ಬರೀ ನಮಸ್ಕಾರ ಎಂದು ತಿಳಿದುಕೊಳ್ಳದೆ ಹೋದೆ, ತಪ್ಪಾಯಿತು ಎಂದೆ.

ಅಜ್ಜಿ ಎದುರಿನ ಗಾಜನ್ನೇ ನೋಡುತ್ತಿದ್ದರು. "ಊರಲ್ಲಿ ಅದು ನಮಸ್ಕಾರಾನೇ," ಎಂದರು. "ಇಲ್ಲಿ ಹಾಗಲ್ಲ. ಭಾನುವಾರದ ಚರ್ಚು ಬಿಟ್ಟರೆ ನನ್ನನ್ನ ಯಾರು ಕರ್ಕೊಂಡು ಹೋಗ್ತಾರೆ? ಮೂರು ವರ್ಷದಿಂದ ಬೀದಿಯಲ್ಲಿ ಎಲ್ಲರನ್ನೂ ಕೇಳ್ತಾ ಇದ್ದೆ. ಒಬ್ಬರಾದರೂ 'ನೀವೂ ಬನ್ನಿ' ಅನ್ನಬಹುದು ಅಂತ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು.