ಒಂದೇ ಬರಿಯ ಜೋಡಿ

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಯೋಗೀಶ್ ಮಂಗಳೂರಿನ ಕೊಟ್ಟಾರದ ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಒಂದು ಗಾಜಿನ ಅಂಚು ಉಜ್ಜುತ್ತಿದ್ದ. ಮೆಷಿನ್ ಉಂಟು. ಆದರೆ ಹಳೆಯ ಫ್ರೇಮಿಗೆ ಹೊಸ ಗಾಜು ಕೂರಿಸುವಾಗ ಕೊನೆಯ ಕೂದಲೆಳೆಯಷ್ಟನ್ನು ಕೈಯಲ್ಲೇ ಸವೆಸಬೇಕು ಎಂಬುದು ಹದಿನಾಲ್ಕು ವರ್ಷಗಳಲ್ಲಿ ಅವನು ಕಲಿತದ್ದು. ಆಗ ಶಕ್ತಿನಗರದ ಮನೆಯಿಂದ ತಾಯಿ ಕಿನ್ನಿಯ ಫೋನು ಬಂತು. ಅಂಗಡಿಯ ಹೊತ್ತಿನಲ್ಲಿ ಅವರು ಫೋನು ಮಾಡುವವರಲ್ಲ.

"ಮಗಾ, ದಾರಿ ಸಿಕ್ಕಿತು," ಎಂದರು. "ನೀನು ಭವ್ಯಶ್ರೀಯನ್ನು ಮದುವೆ ಆಗಬಹುದು."

ಯೋಗೀಶ್ ಉಜ್ಜುವುದನ್ನು ನಿಲ್ಲಿಸಲು ಮರೆತ. ಗಾಜು ಅಳತೆ ಮೀರಿ ಸವೆದು ಹಾಳಾಯಿತು.

ಅವನಿಗೆ ಮೂವತ್ತಾರು. ಆರು ವರ್ಷಗಳಿಂದ ಊರಿನ ನೆಂಟರಿಷ್ಟರ ಪಾಲಿಗೆ ಅವನೊಬ್ಬ ನೊಂದ ಪ್ರೇಮಿ. ಪಕ್ಕದ ಕಣ್ಣಿನ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಭವ್ಯಶ್ರೀಯನ್ನು ಅವನು ಪ್ರೀತಿಸಿದ್ದ, ಆದರೆ ಇಬ್ಬರದೂ ಒಂದೇ ಬರಿ. ತಾಯಿಯಿಂದ ಮಕ್ಕಳಿಗೆ ಬರುವ ಈ ಕುಲದ ಗುರುತು ಒಂದೇ ಆಗಿದ್ದರೆ ಹುಡುಗ ಹುಡುಗಿ ಅಣ್ಣ ತಂಗಿಯರ ಲೆಕ್ಕ, ಮದುವೆಯ ಮಾತೇ ಇಲ್ಲ. ಅವಳಲ್ಲದಿದ್ದರೆ ಬೇರೆ ಯಾರೂ ಬೇಡ ಎಂದು ಅವನು ಕೂತುಬಿಟ್ಟ. ಹೆಣ್ಣು ತೋರಿಸಲು ಬರುತ್ತಿದ್ದವರೆಲ್ಲ ತಲೆ ಅಲ್ಲಾಡಿಸಿ ಹಿಂದೆ ಸರಿದರು.

ಇದೆಲ್ಲ ನಾಟಕ, ಉಪಾಯ ಭವ್ಯಶ್ರೀಯದೇ. ಅಕ್ಕನ ಸಂಸಾರವನ್ನು ಹತ್ತಿರದಿಂದ ಕಂಡ ಅವಳಿಗೆ ಮದುವೆ ಬೇಡವಾಗಿತ್ತು. ಯೋಗೀಶನಿಗೆ ಯಾಕೆ ಬೇಡ ಎಂಬುದು ಅವಳಿಗೆ ತಿಳಿದಿತ್ತು. ಮೂಗಿನ ಮೇಲೆ ಕೂರುವ ಚೂರು ಬಿದ್ದುಹೋದ ಕನ್ನಡಕ ಹಿಡಿದುಕೊಂಡು ಒಂದು ದಿನ ಅಂಗಡಿಗೆ ಬಂದಿದ್ದ ಕಾಟಿಪಳ್ಳದ ಶಫೀಕ್, ಆಮೇಲೆ ಕನ್ನಡಕ ಸರಿಯಿದ್ದಾಗಲೂ ಬರುತ್ತಿದ್ದುದನ್ನು ಅವಳು ಗಮನಿಸಿದ್ದಳು.

"ನಾವು ಒಂದೇ ಬರಿ ಮಾರಾಯ," ಎಂದಿದ್ದಳು ಅವಳು. "ಇಷ್ಟು ಸೇಫ್ ಲವ್ ನಿನಗೆ ಇಡೀ ಮಂಗಳೂರಲ್ಲಿ ಸಿಗ್ಲಿಕ್ಕಿಲ್ಲ."

ಪರದೆ ಬಟ್ಟೆಯ ಅಂಗಡಿಯಲ್ಲಿ ದುಡಿಯುವ ಶಫೀಕನಿಗೂ ಈ ಕಥೆಯಲ್ಲಿ ಒಂದು ಪಾತ್ರ ಸಿಕ್ಕಿತು. ಅವನು ಪ್ರೇಮಿಗಳ ನಡುವೆ ಸುದ್ದಿ ಮುಟ್ಟಿಸುವವನು. ಹಾಗೆಂದು ಯಾರೂ ಹೇಳಿರಲಿಲ್ಲ. ಕಿನ್ನಿಯೇ ಊಹಿಸಿಕೊಂಡದ್ದು. ಭಾನುವಾರ ಅವನು ಮನೆಗೆ ಬಂದರೆ ಚಹಾ ಕೊಟ್ಟು, ಹುಡುಗಿಯ ಸುದ್ದಿ ತನ್ನೆದುರು ಹೇಳಲು ನಾಚುತ್ತಾರೆಂದು ತಾವೇ ಕೋಣೆಯ ಬಾಗಿಲೆಳೆದು ಹಿತ್ತಿಲಿಗೆ ಹೋಗುತ್ತಿದ್ದರು. ಪಾಪ, ಇಬ್ಬರ ನಡುವೆ ಓಡಾಡಿಯೇ ಆ ಹುಡುಗನ ಚಪ್ಪಲಿ ಸವೆಯಿತು ಎಂದು ನೆರೆಯವರ ಹತ್ತಿರ ಮರುಗುತ್ತಿದ್ದರು.

ಈಗ ದಾರಿ ಹುಡುಕಿದ್ದು ಕಿನ್ನಿಯ ಅಣ್ಣ ನೋಣಯ್ಯ. ಬೇರೆ ಬರಿಯ ದಂಪತಿಯೊಬ್ಬರು ಹುಡುಗಿಯನ್ನು ಮಗಳಾಗಿ ಸ್ವೀಕರಿಸಿ ತಾವೇ ಧಾರೆ ಎರೆದುಕೊಟ್ಟರೆ ಆಗುತ್ತದೆ, ಹಿಂದೊಮ್ಮೆ ಹಾಗೆ ನಡೆದದ್ದುಂಟು ಎಂದು ಅವರು ಹಿರಿಯರೊಬ್ಬರಿಂದ ಕೇಳಿ ಬಂದಿದ್ದರು. ದಂಪತಿಯನ್ನೂ ಹುಡುಕಿ ಒಪ್ಪಿಸಿದ್ದರು. ಬರುವ ಭಾನುವಾರ ಮಾತುಕತೆ.

ಸಂಜೆ ಮೂವರೂ ಕ್ಲಿನಿಕ್ಕಿನ ಹಿಂದೆ ಸೇರಿದರು. ಮದುವೆ ಆಗಿಯೇಬಿಡಿ, ಅಮ್ಮನಿಗೂ ಸಂತೋಷ, ನಾಟಕವೂ ಗಟ್ಟಿಯಾಗುತ್ತದೆ ಎಂದ ಶಫೀಕ್. ನಾನು ನಾಟಕಕ್ಕೆ ಒಪ್ಪಿದ್ದೇ ಮದುವೆ ತಪ್ಪಿಸಲಿಕ್ಕೆ ಎಂದು ಭವ್ಯಶ್ರೀ ನೆನಪಿಸಿದಳು. ಬೇಕಾದರೆ ಅವಳೇ ಬೇಡವೆಂದಳು ಎಂದು ಮನೆಯಲ್ಲಿ ಹೇಳು ಎಂದಳು ಯೋಗೀಶನಿಗೆ. ಹಾಗೆ ಹೇಳಿದರೆ ಮರುವಾರವೇ ಬೇರೆ ಹುಡುಗಿಯರ ಫೋಟೋ ಬರುತ್ತದೆ ಎಂಬುದು ಯೋಗೀಶನಿಗೆ ಗೊತ್ತಿತ್ತು. ತಾಯಿಗೆ ನಿಜ ಹೇಳಿಬಿಡುತ್ತೇನೆ ಎಂದ ಅವನು.

ಸೌದಿಯ ದಮ್ಮಾಮಿನಲ್ಲಿರುವ ಶಫೀಕನ ಅಣ್ಣ ತನ್ನ ಅಂಗಡಿಗೆ ಬಾ ಎಂದು ಮೂರು ವರ್ಷಗಳಿಂದ ಕರೆಯುತ್ತಿದ್ದ. ಯೋಗೀಶನಿಗಾಗಿ ಅವನು ಅದನ್ನು ಮುಂದೂಡುತ್ತ ಬಂದಿದ್ದ.

"ನಿನ್ನದು ನೀನು ಹೇಳು," ಎಂದ ಶಫೀಕ್. "ನನ್ನ ಹೆಸರು ಮಾತ್ರ ಬೇಡ. ಹೆಸರು ಹೊರಗೆ ಬಂದರೆ ನಾನು ಮತ್ತೆ ಈ ಊರಲ್ಲಿ ಇರ್ಲಿಕ್ಕಿಲ್ಲ, ಯೋಗಿ."

ಹೇಳುವುದಿಲ್ಲ ಎಂದು ಯೋಗೀಶ್ ಮಾತು ಕೊಟ್ಟ.

ಮರುದಿನ ಸಂಜೆ ಅಂಗಡಿಯಿಂದ ಬೇಗ ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದ. ಭವ್ಯಶ್ರೀ ತನಗೆ ಸ್ನೇಹಿತೆ ಮಾತ್ರ. ಯಾವ ಹುಡುಗಿಯೂ ತನಗೆ ಆಗಿಬರುವುದಿಲ್ಲ, ತಾನು ಹುಟ್ಟಿದ್ದೇ ಹಾಗೆ. ಕಿನ್ನಿ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದರು, ಮಗನೊಬ್ಬನಿಗೆ. ಹೊಟ್ಟೆ ಉರಿಯುತ್ತದೆಂದು ಅವರು ಮೀನು ಬಿಟ್ಟು ವರ್ಷಗಳೇ ಆಗಿದ್ದವು.

"ಹೊಟ್ಟೆ ಉರಿ ಎಂತದ್ದೂ ಇರಲಿಲ್ಲ," ಎಂದರು ಅವರು, ಕೈ ತೊಳೆಯದೆ. "ನಿಮ್ಮಿಬ್ಬರಿಗೆ ಒಂದು ದಾರಿ ಆಗಲಿ ಎಂದು ಹರಕೆ ಹೇಳಿದ್ದೆ. ಆರು ವರ್ಷ."

ಕಿನ್ನಿ ಗೋಡೆಯ ಕಡೆ ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಭಾನುವಾರಗಳು ಒಂದೊಂದಾಗಿ ಹಾದುಹೋಗಿರಬೇಕು.

"ಶಫೀಕನಾ?" ಎಂದು ಕೇಳಿದರು.

ಅಲ್ಲ ಎನ್ನುವುದಷ್ಟೇ ಅವನು ಮಾಡಬೇಕಾಗಿದ್ದದ್ದು. ಆರು ವರ್ಷ ಸಲೀಸಾಗಿ ಸುಳ್ಳು ಹೇಳಿದವನಿಗೆ ಆ ಒಂದು ಸುಳ್ಳು ಬಾಯಿಗೆ ಬರಲಿಲ್ಲ. ತಲೆ ತಗ್ಗಿಸಿ ಕೂತ.

"ಬಾಗಿಲು ನಾನೇ ಎಳೆದು ಕೊಡ್ತಿದ್ದೆನಲ್ಲ," ಎಂದರು ಕಿನ್ನಿ. ಅವರ ಮುಖದಲ್ಲಿ ನಗುವಿನಂಥದ್ದೊಂದು ಬಂದು, ನಗುವಾಗದೆ ಅಳುವಾಯಿತು. "ಮೂವರು ಇದ್ದಿರಿ. ಒಬ್ಬರಿಗಾದರೂ ನನಗೆ ಹೇಳುವ ಎಂದು ಕಾಣಲಿಲ್ಲವಾ ಮಗಾ?"

ಬೈಯಲಿಲ್ಲ. ಮನೆ ಬಿಟ್ಟು ಹೋಗು ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಣಯ್ಯನಿಗೆ ಫೋನು ಮಾಡಿ, ಹುಡುಗಿಯದು ಏನೂ ತಪ್ಪಿಲ್ಲ, ನನ್ನ ಮಗನೇ ಮನಸ್ಸು ಬದಲಿಸಿದ, ಕಾರಣ ಕೇಳಬೇಡ ಎಂದರು. ಅತ್ತ ಕಡೆಯಿಂದ ಬಂದ ಬೈಗುಳವನ್ನೆಲ್ಲ ನಿಂತೇ ಕೇಳಿಸಿಕೊಂಡರು.

ಶುಕ್ರವಾರ ಯೋಗೀಶ್ ಹೆದ್ದಾರಿಯ ಬದಿಯಲ್ಲಿ ಶಫೀಕನನ್ನು ಕಂಡು ನಡೆದದ್ದನ್ನು ನಡೆದಂತೆ ಹೇಳಿದ. ಮುಚ್ಚಿಡಬಹುದಿತ್ತು. ಇವನಿಗೂ ಸುಳ್ಳು ಹೇಳಿಕೊಂಡು ಬದುಕುವುದು ಅವನಿಗೆ ಬೇಡವಾಗಿತ್ತು. ಅಮ್ಮ ಯಾರಿಗೂ ಹೇಳುವುದಿಲ್ಲ ಎಂದ.

"ಗೊತ್ತುಂಟು, ಹೇಳ್ಲಿಕ್ಕಿಲ್ಲ," ಎಂದ ಶಫೀಕ್. "ಆದರೆ ನನಗೆ ಇನ್ನು ಆ ಮನೆಗೆ ಬರ್ಲಿಕ್ಕೆ ಮುಖ ಇಲ್ಲ. ನಾಳೆ ನಿನ್ನ ಮಾಮ ಕೇಳ್ತಾರೆ, ನಾಡಿದ್ದು ಯಾರೋ ನನ್ನ ಉಮ್ಮನ ಹತ್ತಿರ ಬಂದು ಕೇಳ್ತಾರೆ. ದಿನಾ ಹೆದರಿಕೊಂಡು ಬದುಕ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಅಮ್ಮ ತುಂಬ ಅತ್ತರಾ ಎಂದು ಕೇಳಿದ. ಹೌದು ಎಂದ ಯೋಗೀಶ್. ಅದಾದ ಮೇಲೆ ಇಬ್ಬರೂ ಹೆದ್ದಾರಿಯ ಲಾರಿಗಳನ್ನು ನೋಡುತ್ತ ನಿಂತಿದ್ದರು.

ಅಣ್ಣ ಕಳಿಸಿದ ದಮ್ಮಾಮಿನ ವೀಸಾ ಬರಲು ಮೂರು ವಾರ ಹಿಡಿಯಿತು. ಶಫೀಕನ ವಿಮಾನ ಈ ತಿಂಗಳ ಹದಿನಾಲ್ಕರಂದು ಬೆಳಿಗ್ಗೆ ಬಜ್ಪೆಯಿಂದ ಹೊರಡುತ್ತದೆ. ಕಳುಹಿಸಲು ಅವನ ಮನೆಯವರೆಲ್ಲ ಬರುತ್ತಾರೆ, ಹಾಗಾಗಿ ಯೋಗೀಶ್ ಹೋಗುವುದಿಲ್ಲ.